ಒಂದು ಮತದ ಅಂತರ



ನಾವು ಎಂಟನೇ ತರಗತಿಯಲ್ಲಿ ಕೂತ ಕೋಣೆಯೇ ಚುನಾವಣೆಯಲ್ಲಿ ನಮ್ಮ ಮತಗಟ್ಟೆ. 2018ರಲ್ಲಿ ನಾನು ಬೆಂಗಳೂರಿನಿಂದ ಬರಲಿಲ್ಲ. ನನ್ನದೊಂದು ಮತದಿಂದ ಏನಾದೀತು ಎಂದಿದ್ದೆ. ಆಯಿ ಮಾತ್ರ ಕಾಲುನೋವಿನಲ್ಲೂ ನಡೆದು ಬಂದಿದ್ದಳು. ಆ ಸಲ ನಮ್ಮ ಯಲ್ಲಾಪುರ ಕ್ಷೇತ್ರದ ಗೆಲುವಿನ ಅಂತರ 1,483. ಶಿರಸಿ-ಸಿದ್ದಾಪುರದವರು 2023ರಲ್ಲಿ ಕಂಡದ್ದು 8,712. ಅಮೆರಿಕದ ಅಧ್ಯಕ್ಷಗಿರಿಯೇ 2000ದಲ್ಲಿ ಫ್ಲೋರಿಡಾದ 537 ಮತಗಳ ಮೇಲೆ ನಿಂತಿತ್ತು.

ಅಷ್ಟು ದೂರ ಯಾಕೆ? 2004ರಲ್ಲಿ ಚಾಮರಾಜನಗರದ ಕಡೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಇದನ್ನು ಹೇಳಿದಾಗ ಆಯಿ ಕೇಳಿದ್ದು ಇಷ್ಟೇ: “ಆ ದಿನ ಮನೇಲಿ ಕುಂತಿದ್ದವ ಯಾರಡ?”

2023ರ ಮೇ 10ರಂದು ಅವಳ ಕೈ ಹಿಡಿದು ಇದೇ ಕೋಣೆಗೆ ಬಂದೆ. ಸರತಿಯಲ್ಲಿ ಮುಂದೆ ಅವಳೇ ನಿಂತಳು.