ಬೈಲುಸೀಮೆಯ ಬಸದಿಗಳು



ಪಶ್ಚಿಮಘಟ್ಟದ ಅಡಿಯಲ್ಲಿರುವ ಕಾರ್ಕಳ, ಮೂಡುಬಿದಿರೆ, ವೇಣೂರುಗಳ ಸೀಮೆಯು ಮೂಲತಃ ಬೇಸಾಯಗಾರರ ನಾಡು. ಮುರಕಲ್ಲಿನ ಗುಡ್ಡಗಳ ನಡುವಣ ತಗ್ಗಿನಲ್ಲಿ ಭತ್ತದ ಗದ್ದೆಗಳು. ಅವುಗಳ ಅಂಚಿನಲ್ಲಿ ಕಂಗು ತೆಂಗುಗಳ ತೋಟಗಳು. ನೀರಾಸರೆಯುಳ್ಳ ಬೈಲಿನಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟು ಗದ್ದೆಯಲ್ಲಿ ಮಳೆಗಾಲದ ಒಂದೇ ಬೆಳೆ.

ಈ ಗದ್ದೆಗಳ ನಡುವೆಯೇ ನಮ್ಮ ಹಿರಿಯರು ಧರ್ಮವನ್ನು ಶಿಲೆಯಲ್ಲಿ ನಿಲ್ಲಿಸಿದರು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯು 1430ರದು. ಕಾರ್ಕಳದ ಬಂಡೆಗುಡ್ಡದ ಮೇಲೆ ವೀರಪಾಂಡ್ಯ ಭೈರರಸನು 1432ರಲ್ಲಿ 42 ಅಡಿಯ ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು. ಅದರ ಎದುರಿನ ದಿಬ್ಬದಲ್ಲಿ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು. ವೇಣೂರಿನಲ್ಲಿ, ಫಲ್ಗುಣಿ ನದಿಯ ದಡದಲ್ಲಿ, ತಿಮ್ಮರಾಜ ಅಜಿಲನು 1604ರಲ್ಲಿ ನಿಲ್ಲಿಸಿದ 35 ಅಡಿಯ ಮೂರ್ತಿಯಿದೆ. ಬಿರುಮಳೆಯ ನಾಡಾದುದರಿಂದ ಬಸದಿಗಳ ಮಾಡುಗಳನ್ನು ಇಲ್ಲಿಯ ಮನೆಗಳಂತೆಯೇ ಇಳಿಜಾರಾಗಿ ಕಟ್ಟಿದರು. ಬೇರೆಲ್ಲೂ ಉಳಿಯದಿದ್ದ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಈ ಮಳೆಯ ನಾಡಿನ ಮೂಡುಬಿದಿರೆಯಲ್ಲಿಯೇ ಉಳಿದು, 1939ರಿಂದ ಮುದ್ರಣವಾಗತೊಡಗಿದವು.

ಇವೆಲ್ಲವನ್ನೂ ಕಟ್ಟಿಸಿದವರು ಅರಸರು, ಸೆಟ್ಟಿಗಳು. ಆದರೆ ನಿತ್ಯವೂ ನಡೆಸಿಕೊಂಡು ಬಂದುದು ಗದ್ದೆ. ಒಕ್ಕಲುಗಳು ಗೇಣಿಯಾಗಿ ಅಳೆದ ಅಕ್ಕಿ, ಬೈಹುಲ್ಲಿನ ಮುಡಿಗಳಲ್ಲಿ ಬಸದಿಗೆ ಬರುತ್ತಿತ್ತು. ನೈವೇದ್ಯವೂ ದೀಪದ ಎಣ್ಣೆಯೂ ಇಂದ್ರರ ಮನೆಯ ಊಟವೂ ಅದರಿಂದಲೇ. 1974ರ ಭೂಸುಧಾರಣೆಯಿಂದ ಗೇಣಿ ಭೂಮಿಯು ಉಳುವವರ ಪಾಲಾಯಿತು. ತಲೆಮಾರುಗಳಿಂದ ಕೆಸರಿನಲ್ಲಿ ದುಡಿದವರಿಗೆ ನೆಲ ದೊರೆತುದು ನ್ಯಾಯವೇ; ಅದಕ್ಕೆ ಮರುಗುವುದು ಅಪರಿಗ್ರಹವನ್ನು ಪಠಿಸುವವರಿಗೆ ಶೋಭಿಸದು. ಆದರೆ ಅಂದು ಗದ್ದೆಯು ಇಳಿಸಿದ ಹೊರೆಯನ್ನು ಎತ್ತಿಕೊಳ್ಳಬೇಕಾದವರು ಯಾರು? ಶ್ರಾವಕರಲ್ಲವೇ?

ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಸ್ತಕಾಭಿಷೇಕಕ್ಕೆ ಜನಸಾಗರವೇ ಸೇರುತ್ತದೆ. 2024ರಲ್ಲಿ ವೇಣೂರು ಅದನ್ನು ಕಂಡಿತು. ಆದರೆ ಹಳ್ಳಿಯ ಮೂಲೆಯಲ್ಲಿರುವ ಸಣ್ಣ ಬಸದಿಗೆ ಯಾತ್ರಿಕರ ವಾಹನ ಬಾರದು. ಮಳೆಗಾಲದಲ್ಲಿ ಅದರ ಮಾಡಿನ ಹಂಚು ಜಾರಿದರೆ ನೋಡುವವರಿಲ್ಲ. ಬೆಳಗಿನ ಅಭಿಷೇಕಕ್ಕೆ ಇಂದ್ರರೊಬ್ಬರೇ ಸಾಕ್ಷಿ.

ಪ್ರತಿಷ್ಠೆಯು ಐದು ದಿನಗಳ ಉತ್ಸವ. ಪೂಜೆಯು ಮುನ್ನೂರ ಅರವತ್ತೈದು ದಿನಗಳ ವ್ರತ. ಆದುದರಿಂದ ಪ್ರತಿಯೊಂದು ಮನೆಯೂ ವರ್ಷಕ್ಕೊಂದು ಮುಡಿ ಅಕ್ಕಿಯ ಬೆಲೆಯನ್ನು ತನ್ನ ಹುಟ್ಟೂರಿನ ಬಸದಿಗೆ ಮೀಸಲಿಡಲಿ. ಮಳೆಗಾಲಕ್ಕೆ ಮುನ್ನ ಒಮ್ಮೆ ಹೋಗಿ ಮಾಡನ್ನು ನೋಡಿ ಬರಲಿ. ಇಂದು ಕಲಶವೇರಿದ ಈ ಜಿನಾಲಯದಲ್ಲಿಯೂ ನಾಳೆಯ ದೀಪಕ್ಕೆ ಎಣ್ಣೆ ಯಾರ ಮನೆಯದೆಂಬುದು ಇಂದೇ ನಿಶ್ಚಯವಾಗಲಿ.