ಆ್ಯಪ್ ಆಮೇಲೆ ಮಾಡೋಣ

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ‘ಟುಲಿಪ್’ ಯೋಜನೆ ತಂತು. ಹೊಸದಾಗಿ ಪದವಿ ಮುಗಿಸಿದವರಿಗೆ ನಗರಪಾಲಿಕೆಗಳಲ್ಲಿ ಇಂಟರ್ನ್‌ಶಿಪ್. ಒಳ್ಳೇದೇ.

ನಾನೂ ಇಂಜಿನಿಯರಿಂಗ್ ಓದಿದವನು. ಪಾಲಿಕೆ ಅಂದ ಕೂಡಲೇ ನಮಗೆ ಹೊಳೆಯೋದು ಆ್ಯಪ್, ಡ್ಯಾಶ್‌ಬೋರ್ಡ್. ಆದ್ರೆ ಬೆಳಗ್ಗೆ ವಿಜಯನಗರದ ಬೀದಿಯಲ್ಲಿ ಪೊರಕೆ ಹಿಡಿದ ಪೌರಕಾರ್ಮಿಕರನ್ನು ನೋಡಿ. ಹೆಚ್ಚಿನವರು ಹೆಂಗಸರು, ಹೆಚ್ಚಿನವರು ದಲಿತರು. ಇದು ಆಕಸ್ಮಿಕವಾ?

1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ್ರು. ಬುಟ್ಟಿ ಹೋಯ್ತು, ಪೊರಕೆ ಮಾತ್ರ ಅದೇ ಕೇರಿಗೆ ಉಳೀತು.

ಹಾಗಾಗಿ ಗೆಳೆಯರೇ, ಈ ಬೇಸಿಗೆಯಲ್ಲಿ ಪಾಲಿಕೆಗೆ ಹೋದರೆ ಮೊದಲು ಲೆಕ್ಕ ಹಾಕಿ: ಅವರು ಗುಡಿಸೋ ಬೀದಿಯಿಂದ ಶೌಚಾಲಯ ಎಷ್ಟು ದೂರ? ಕುಡಿಯೋ ನೀರು ಎಲ್ಲಿ? ಕೈಗವಸು ಕೊಟ್ಟು ಎಷ್ಟು ತಿಂಗಳಾಯ್ತು? ಆಮೇಲೆ ಆ್ಯಪ್ ಮಾಡಿ.