ಒಂದು ಪ್ಲೇಟು, ಮೂರು ಬೀಗ

"ತಾತನ ಕಾಲದ ಗ್ರಾಮಫೋನ್ ಪ್ಲೇಟುಗಳಿವೆ, ಯೂಟ್ಯೂಬಿಗೆ ಹಾಕಿದರೆ ಕೇಸಾಗುತ್ತದೆಯೇ?" ನನಗೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಇದೇ ಪ್ರಶ್ನೆ. ಪ್ಲೇಟಿನ ಹಾಡನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆಂದು ನಿಮಗೇ ಗೊತ್ತು. ನೇರ ವಿಷಯಕ್ಕೆ ಬರುತ್ತೇನೆ.

ಅರವತ್ತು ವರ್ಷ ಕಳೆದರೆ ಎಲ್ಲ ಫ್ರೀ ಎಂಬ ಮಾತು ಚಾಲ್ತಿಯಲ್ಲಿದೆ. ಅದು ಅರ್ಧ ಸರಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕನ್ನು ಅದು ಬಿಡುಗಡೆಯಾದ ಮರುವರ್ಷದ ಜನವರಿಯಿಂದ ಎಣಿಸಬೇಕು, 60 ವರ್ಷ. 1964ರಲ್ಲಿ ಹೊರಬಂದ ಪ್ಲೇಟಿನ ಹಕ್ಕು 2024ರ ಡಿಸೆಂಬರ್ 31ಕ್ಕೆ ತೀರಿತು. ಆದರೆ ತೆರೆದದ್ದು ಒಂದೇ ಬೀಗ. ಪ್ಲೇಟಿಗೆ ಇರುವುದು ಮೂರು.

ಮುದ್ರಿಸಿದ ಕಂಪನಿಯದು ಒಂದು. ಸಾಹಿತ್ಯ ಬರೆದವರದು ಇನ್ನೊಂದು. ರಾಗ ಹಾಕಿದವರದು ಮತ್ತೊಂದು. ಕೊನೆಯ ಎರಡಕ್ಕೆ ಪ್ಲೇಟಿನ ವಯಸ್ಸು ಲೆಕ್ಕಕ್ಕಿಲ್ಲ. ಆ ವ್ಯಕ್ತಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಎಣಿಸಬೇಕು. ಬೇಂದ್ರೆಯವರ ಪದ್ಯಕ್ಕೆ ಕಾಳಿಂಗರಾಯರು ತಾವೇ ರಾಗ ಹಾಕಿ ಹಾಡಿದ ಪ್ಲೇಟು ನಿಮ್ಮಲ್ಲಿದೆ, 1955ರದು ಎಂದಿಟ್ಟುಕೊಳ್ಳಿ. ಕಂಪನಿಯ ಬೀಗ 2015ರ ಕೊನೆಗೇ ತೆರೆಯಿತು. ಆದರೆ ಆ ಇಬ್ಬರೂ ಹೋದದ್ದು 1981ರಲ್ಲಿ. ಪದ್ಯ, ರಾಗ ಎರಡೂ ಬಿಡುಗಡೆಯಾಗುವುದು 2042ರ ಜನವರಿ 1ಕ್ಕೆ! ಅಲ್ಲಿಯವರೆಗೆ ಹಕ್ಕು ವಾರಸುದಾರರದೋ, ಬರೆಸಿಕೊಂಡವರದೋ ಆಗಿರುತ್ತದೆ.

ತಿರುಗಿಸಿ ನೋಡಿ. ಪುರಂದರದಾಸರ ಪದ, 1990ರ ಕ್ಯಾಸೆಟ್. "ದಾಸರ ಪದಕ್ಕೆಂಥ ಕಾಪಿರೈಟು ಸ್ವಾಮಿ?" ಎಂದು ನನ್ನೊಂದಿಗೆ ಜಗಳಕ್ಕೇ ನಿಂತವರಿದ್ದಾರೆ. ಪದಕ್ಕಿಲ್ಲ, ಒಪ್ಪಿದೆ. ನೀವೇ ಹಾಡಿ ಹಾಕಿ, ಬೇಡ ಎಂದವರಾರು? ಆದರೆ ಆ ಕ್ಯಾಸೆಟ್ಟಿನ ಧ್ವನಿಗೆ 2050ರ ಕೊನೆಯವರೆಗೆ ಬೀಗ. ಮತ್ತೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ಹಾಡು ಹಳೆಯದಾದರೆ ಸಾಲದು, ಪ್ಲೇಟು ಹಳೆಯದಾದರೂ ಸಾಲದು. ಮೂರನ್ನೂ ಬೇರೆ ಬೇರೆ ಎಣಿಸಬೇಕು.

ಎಣಿಸಲು ಇಸವಿ ಬೇಕಲ್ಲ? ಲೇಬಲ್ಲಿನ ಮೇಲೆ ಹಾಡಿದವರ ಹೆಸರು, ರಾಗ, ತಾಳ ಇರುತ್ತವೆ. ಇಸವಿ ಸಾಮಾನ್ಯವಾಗಿ ಇರುವುದಿಲ್ಲ. ಲೇಬಲ್ಲಿನ ಅಂಚಿಗೆ, ಗೆರೆಗಳು ಮುಗಿಯುವ ನುಣುಪು ಜಾಗದಲ್ಲಿ, ಮೊಳೆಯಿಂದ ಗೀಚಿದಂಥ ಸಣ್ಣ ಸಂಖ್ಯೆಯಿರುತ್ತದೆ. ಪ್ಲೇಟನ್ನು ದೀಪಕ್ಕೆ ಓರೆ ಹಿಡಿದರೆ ಕಾಣುತ್ತದೆ. ಕಂಪನಿಗಳ ಹಳೆಯ ಪಟ್ಟಿಗಳಲ್ಲಿ ಆ ಸಂಖ್ಯೆ ಹುಡುಕಬೇಕು. ನನ್ನ ತಂದೆಯವರ ಒಂದು ವೀಣೆ ಪ್ಲೇಟಿಗಾಗಿ ಎರಡು ಭಾನುವಾರ ಭೂತಗನ್ನಡಿ ಹಿಡಿದು ಕೂತಿದ್ದೆ. ಹಕ್ಕು ತೀರಿದೆ ಎಂದು ಖಾತ್ರಿಯಾದ ಮೇಲೆ ಅದನ್ನು ಯೂಟ್ಯೂಬಿಗೆ ಹಾಕಿದ ಗಂಟೆಯೊಳಗೆ "ಇದು ನಮ್ಮದು" ಎಂದು ಯಾವುದೋ ಕಂಪನಿಯ ಕ್ಲೇಮು ಬಂತು. ಅದೇ ಪ್ಲೇಟನ್ನು ಅವರು ಸೀಡಿ ಮಾಡಿ ಮಾರಿದ್ದರಂತೆ. ಯೂಟ್ಯೂಬಿನ ಯಂತ್ರ ಎರಡೂ ಧ್ವನಿಗಳನ್ನು ಹೋಲಿಸಿ ನೋಡಿತ್ತು. ಯಂತ್ರಕ್ಕೆ ಇಸವಿ ಎಣಿಸಲು ಬರುವುದಿಲ್ಲ. ಲೇಬಲ್ಲಿನ ಫೋಟೊ, ಸಂಖ್ಯೆ, ಇಸವಿ ಎಲ್ಲ ಬರೆದು ತಕರಾರು ಹಾಕಿದೆ. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಅವರು ಕೊಡಲಿಲ್ಲ, ಕ್ಲೇಮು ಬಿದ್ದುಹೋಯಿತು.

ಕ್ಲೇಮಿಗೆ ಹೆದರಬೇಕಿಲ್ಲ. ಹಕ್ಕುದಾರರು ಹೇಳಿ ವೀಡಿಯೊ ತೆಗೆಸಿದಾಗ ಬೀಳುವ ಸ್ಟ್ರೈಕ್ ಬೇರೆ, ತೊಂಬತ್ತು ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಗಬಹುದು.

"ನಾನು ದುಡ್ಡು ಮಾಡುತ್ತಿಲ್ಲ" ಎನ್ನುವವರಿಗೆ: ಅದರಿಂದ ಶಿಕ್ಷೆ ಕಡಿಮೆಯಾಗಬಹುದೇ ಹೊರತು ತಪ್ಪು ಅಳಿಯುವುದಿಲ್ಲ. "ಮೂವತ್ತು ಸೆಕೆಂಡು ಹಾಕಬಹುದು" ಎಂಬುದು ಯಾವ ಕಾಯ್ದೆಯಲ್ಲೂ ಇಲ್ಲ. "ಕೃಪೆ" ಎಂದು ಹೆಸರು ಹಾಕಿದರೆ ಸೌಜನ್ಯವಾಯಿತು, ಅನುಮತಿಯಾಗಲಿಲ್ಲ.

ಕೊನೆಯದಾಗಿ ಒಂದು ಮಾತು. ರಾಮೋತ್ಸವದ ಕಛೇರಿಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡವರು ಕೇಳಿ: ಹಾಡಿದವರ, ನುಡಿಸಿದವರ ಹಕ್ಕು 50 ವರ್ಷ. ಕಛೇರಿ ನಡೆದ ಮರುವರ್ಷದಿಂದ ಎಣಿಸಬೇಕು. ಪಿಟೀಲು, ಮೃದಂಗದವರನ್ನೂ ಸೇರಿಸಿ, ಅವರನ್ನೋ ಮನೆಯವರನ್ನೋ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಸ್ವಂತ ಕೇಳ್ಮೆಗೆ ಡಿಜಿಟಲ್ ಮಾಡಿಟ್ಟುಕೊಳ್ಳಲು ಅಡ್ಡಿಯಿಲ್ಲ. ಅದನ್ನಂತೂ ಮಳೆಗಾಲಕ್ಕೆ ಮುಂಚೆ ಮಾಡಿ, ಕ್ಯಾಸೆಟ್ ಟೇಪಿಗೆ ಬೂಷ್ಟು ಹಿಡಿಯುತ್ತದೆ.